ಸೆಕೆ, ಉಪ್ಪುಗಾಳಿ, ಘಟ್ಟ: ಉತ್ತರ ಕನ್ನಡದ ಬೇಸಿಗೆಗೆ ಕಾರು ಸಜ್ಜು ಮಾಡುವ ಬಗೆ

ಕಲಬುರಗಿ ಕಡೆ ಪಾರಾ 42 ಮುಟ್ಟುವ ದಿನ ಕಾರವಾರದಲ್ಲಿ 34 ಇರುತ್ತದೆ. ಹಾಗಂತ ಇಲ್ಲಿನ ಕಾರಿಗೆ ಬೇಸಿಗೆ ಸುಲಭ ಅಂದುಕೊಳ್ಳಬೇಡಿ. ಬಯಲುಸೀಮೆಯದು ಒಣ ಬಿಸಿಲು, ನಮ್ಮದು ಸೆಕೆ. ಗಾಳಿಯಲ್ಲಿರುವ ನೀರಿನ ಪಸೆಯನ್ನು ಹಿಂಡಿ ತೆಗೆಯುವುದರಲ್ಲೇ ಎಸಿಯ ಅರ್ಧ ಜೀವ ಹೋಗುತ್ತದೆ. ಅದರ ಮೇಲೆ ಉಪ್ಪುಗಾಳಿ. ಅದರ ಮೇಲೆ ಘಟ್ಟ. ಕುಮಟಾದಲ್ಲಿ ಸಮುದ್ರಮಟ್ಟದಿಂದ ಹೊರಟ ಕಾರು ದೇವಿಮನೆ ಘಟ್ಟ ಹತ್ತಿ ಸುಮಾರು 600 ಮೀಟರ್ ಎತ್ತರದ ಶಿರಸಿ ಸೇರಬೇಕು. ಅದೂ ಲಾರಿಯ ಬೆನ್ನಿಗೆ ಅಂಟಿಕೊಂಡು, ಎರಡನೇ ಗೇರಿನಲ್ಲಿ, ಎಸಿ ಹಾಕಿಕೊಂಡು, ಐದು ಜನರನ್ನು ಹೊತ್ತು. ಎಂಜಿನ್‌ಗೆ ದುಡಿಮೆ ಜಾಸ್ತಿ, ರೇಡಿಯೇಟರ್‌ಗೆ ಗಾಳಿ ಕಡಿಮೆ. ಅರಬೈಲ್, ಅಣಶಿ, ವಡ್ಡಿ, ಗೇರುಸೊಪ್ಪೆ, ಯಾವ ಘಟ್ಟವಾದರೂ ಲೆಕ್ಕ ಇದೇ. ಇಲ್ಲಿ ಕಾರು ಕುದಿಯುವುದು 34 ಡಿಗ್ರಿಯಲ್ಲೇ.

ಆದ್ದರಿಂದ ಯಾವುದೋ ಊರಿಗೆ ಬರೆದ ಬೇಸಿಗೆ ಸಲಹೆಯನ್ನು ಇಲ್ಲಿಗೆ ತಂದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಕೆಳಗಿನ ಕೆಲಸಗಳನ್ನು ಫೆಬ್ರವರಿಯಲ್ಲಿ, ಗೋಕರ್ಣದ ಶಿವರಾತ್ರಿ ಗದ್ದಲಕ್ಕೆ ಮೊದಲೇ ಮುಗಿಸಿಕೊಳ್ಳಿ. ಶಿರಸಿಯ ಮಾರಿಕಾಂಬಾ ಜಾತ್ರೆ ಇರುವ ವರ್ಷವಾದರೆ ಇನ್ನೂ ಒಳ್ಳೆಯದು. ಜಾತ್ರೆಯ ಪೇಟೆಯಲ್ಲಿ ಗಂಟೆಗಟ್ಟಲೆ ತೆವಳುವುದೂ ಕೂಲಿಂಗ್‌ಗೆ ಒಂದು ಪರೀಕ್ಷೆಯೇ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಟೈರ್ ಗೇಜು, ಸಾದಾ ಮಲ್ಟಿಮೀಟರ್, ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್, 10 ಎಂಎಂ ಸ್ಪಾನರ್, ಮೆತ್ತನೆ ಬ್ರಷ್, ತೋಟಕ್ಕೆ ನೀರು ಬಿಡುವ ಪೈಪು.

ಹಂತ 1: ಕೂಲಂಟ್

ಎಂಜಿನ್ ತಣಿಸುವ ಈ ದ್ರವಕ್ಕೇ ಮೊದಲ ಸರದಿ, ಹೆಚ್ಚು ಸಮಯವೂ ಇದಕ್ಕೇ.

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಎತ್ತಿ. ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ಕೆಳಗೆರೆ ಮತ್ತು ಮೇಲ್ಗೆರೆಗಳ ನಡುವೆ ಇರಬೇಕು. ಡಬ್ಬಿ ನೋಡಿ ಸುಮ್ಮನಾಗಬೇಡಿ. ರೇಡಿಯೇಟರ್‌ಗೇ ಪ್ರತ್ಯೇಕ ಮುಚ್ಚಳವಿದ್ದರೆ ಅದನ್ನೂ ತೆಗೆದು ನೋಡಿ, ಕೂಲಂಟ್ ಕತ್ತಿನವರೆಗೆ ತುಂಬಿರಬೇಕು. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಅಪರೂಪವೇನಲ್ಲ, ಕಾರಣ ಮುಂದೆ ಮುಚ್ಚಳದ ಮಾತಿನಲ್ಲಿ ಬರುತ್ತದೆ. ಬಣ್ಣ ಹಸಿರೋ ಗುಲಾಬಿಯೋ ಇರಲಿ, ಪಾರದರ್ಶಕವಾಗಿರಬೇಕು. ತುಕ್ಕಿನ ಕೆಂಪು ಕಂಡರೆ ಯಾರೋ ಬಾವಿ ನೀರು ಸುರಿದಿದ್ದಾರೆ.

ಬಾವಿ ನೀರು ಯಾಕೆ ಬೇಡ? ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದ್ದು ತೆರೆದ ಪಾತ್ರೆಯಲ್ಲಿ ಸುಮಾರು 107ಕ್ಕೆ, ಮುಚ್ಚಳದ ಒತ್ತಡದೊಳಗೆ ಹತ್ತಿರಹತ್ತಿರ 129ಕ್ಕೆ ಕುದಿಯುತ್ತದೆ. ಘಟ್ಟದಲ್ಲಿ ನಿಮ್ಮನ್ನು ಉಳಿಸುವುದು ಈ ಅಂತರ. ಎರಡನೆಯದು ಉಪ್ಪು. ಕಡಲಂಚಿನ ಬಾವಿಗಳಲ್ಲಿ ಏಪ್ರಿಲ್ ಹೊತ್ತಿಗೆ ನೀರು ಸವಳಾಗುತ್ತದೆ, ಆ ಕ್ಲೋರೈಡ್ ಅಲ್ಯೂಮಿನಿಯಂ ರೇಡಿಯೇಟರನ್ನು ಒಳಗಿನಿಂದ ಚುಚ್ಚಿ ತೂತು ಮಾಡುತ್ತದೆ. ಘಟ್ಟದ ಮೇಲಿನ ಬಾವಿ ನೀರು ಸಿಹಿ ನಿಜ, ಅದರಲ್ಲೂ ತುಕ್ಕು ತಡೆಯುವ ಔಷಧಿ ಇಲ್ಲವಲ್ಲ.

ಹಸಿರು ಹಳೇ ಮಾದರಿಯ ಕೂಲಂಟ್‌ಗೆ ಸಾಮಾನ್ಯವಾಗಿ ಎರಡು ವರ್ಷ, ದೀರ್ಘಾಯುಷಿ ಮಾದರಿಗೆ ಐದು ವರ್ಷದ ಆಸುಪಾಸು ಆಯಸ್ಸು. ಬಣ್ಣ ನಂಬಿ ಕೊಳ್ಳಬೇಡಿ, ಬಣ್ಣಕ್ಕೆ ನಿಯಮವಿಲ್ಲ. ಕಾರಿನ ಕೈಪಿಡಿಯಲ್ಲಿ ಬರೆದ ಮಾದರಿಯನ್ನೇ ಕೊಳ್ಳಿ. ಎರಡು ಜಾತಿ ಬೆರೆಸಿದರೆ ತುಕ್ಕು ತಡೆಯುವ ಗುಣ ಕೆಡುತ್ತದೆ, ಕೆಲವೊಮ್ಮೆ ಗಸಿ ಕಟ್ಟಿ ಸಣ್ಣ ಕೊಳವೆಗಳು ಮುಚ್ಚುತ್ತವೆ.

ಬದಲಿಸುವ ಕ್ರಮ ಹೀಗೆ:

1. ಎಂಜಿನ್ ತಣ್ಣಗಿರಲಿ. ಹೀಟರ್ ತಿರುಗಣೆ ಪೂರ್ತಿ ಬಿಸಿಗೆ ಇರಲಿ, ಆಗ ಹೀಟರಿನೊಳಗಿನ ಹಳೆಯದೂ ಹೊರಬರುತ್ತದೆ.
2. ರೇಡಿಯೇಟರ್ ಕೆಳಗೆ ಅಗಲದ ಬೇಸಿನ್ ಇಟ್ಟು, ಕೆಳಗಿನ ಡ್ರೇನ್ ತಿರುಪು ಅಥವಾ ಕೆಳ ಹೋಸ್‌ನ ಕ್ಲಾಂಪ್ ಸಡಿಲಿಸಿ, ಆಮೇಲೆ ಮೇಲಿನ ಮುಚ್ಚಳ ತೆಗೆಯಿರಿ.
3. ಮುಚ್ಚಿ, ಡಿಸ್ಟಿಲ್ಡ್ ವಾಟರ್ ತುಂಬಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ತಣಿಸಿ, ಇಳಿಸಿ. ಬರುವ ನೀರು ತಿಳಿಯಾಗುವವರೆಗೆ ಇದನ್ನೇ ಮಾಡಿ.
4. ಈಗ ತುಂಬುವಾಗ ಒಂದು ಲೆಕ್ಕ. ತೊಳೆದ ನೀರು ಲೀಟರಿನಷ್ಟಾದರೂ ಎಂಜಿನ್ ಬ್ಲಾಕಿನೊಳಗೆ ಉಳಿದಿರುತ್ತದೆ. ಅದರ ಮೇಲೆ ಮೊದಲೇ ನೀರು ಬೆರೆಸಿ ಬರುವ ರೆಡಿಮಿಕ್ಸ್ ಹಾಕಿದರೆ ಕೂಲಂಟ್ ತೆಳುವಾಗುತ್ತದೆ. ಹಾಗಾಗಿ ಗಟ್ಟಿ ಕೂಲಂಟ್ ತಂದು, ಒಟ್ಟು ಹಿಡಿತದ ಅರ್ಧದಷ್ಟನ್ನು ಮೊದಲು ಹಾಕಿ. 5 ಲೀಟರಿನ ವ್ಯವಸ್ಥೆಗೆ 2.5 ಲೀಟರ್. ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್.
5. ಗಾಳಿ ಬಿಡಿಸಿ. ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಮುಚ್ಚಳ ತೆಗೆದಿಟ್ಟೇ ಎಂಜಿನ್ ಶುರು ಮಾಡಿ, ಮೇಲಿನ ಹೋಸನ್ನು ಹಿಚುಕುತ್ತಿರಿ. ಗುಳ್ಳೆ ಬಂದಂತೆ ಮಟ್ಟ ಇಳಿಯುತ್ತದೆ, ಸುರಿಯುತ್ತಿರಿ. ಗಾಳಿ ಬಿಡಲು ಬೇರೆ ತಿರುಪು ಇರುವ ಕಾರುಗಳಲ್ಲಿ ಅದನ್ನೇ ಬಳಸಿ. ಕೂಲಂಟ್ ಬಿಸಿಯಾಗಿ ಉಕ್ಕಲು ಹವಣಿಸುವ ಮೊದಲೇ ಮುಚ್ಚಳ ಹಾಕಿ.
6. ಮರುದಿನ ಬೆಳಿಗ್ಗೆ ಮತ್ತೆ ಮಟ್ಟ ನೋಡಿ. ಅರ್ಧ ಲೀಟರಿನಷ್ಟು ಇಳಿದಿರುವುದು ಸಹಜ, ತುಂಬಿ. ಮೂರನೇ ದಿನವೂ ಇಳಿದರೆ ಸೋರಿಕೆ ಹುಡುಕಿ.

ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಚಾದಂಥ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ. ಅಲ್ಲಿಗೆ ಮನೆಗೆಲಸ ಮುಗಿಯಿತು, ಮೆಕ್ಯಾನಿಕ್ ಕರೆಯಿರಿ.

ಇಳಿಸಿದ ಹಳೇ ಕೂಲಂಟ್ ವಿಷ, ಅದರಲ್ಲೂ ಸಿಹಿ ರುಚಿಯ ವಿಷ. ಅಂಗಳದಲ್ಲಿ ಬೇಸಿನ್ ಬಿಟ್ಟು ಒಳಗೆ ಹೋದರೆ ನಾಯಿಯೋ ಕರುವೋ ಮೂತಿ ಇಟ್ಟೀತು. ತೋಟದ ಕಾದಿಗೆಗೆ (ಕಾಲುವೆಗೆ), ಬಾವಿಯ ಹತ್ತಿರ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿ ವರ್ಕ್‌ಶಾಪಿಗೆ ಕೊಡಿ.

ಮುಚ್ಚಳ, ಹೋಸ್, ಫ್ಯಾನ್

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮೇಲೆ ಹೇಳಿದ 129 ಡಿಗ್ರಿ ಬರುವುದು ಅದರ ಸ್ಪ್ರಿಂಗಿನಿಂದ. ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದಲ್ಲ, ಅದು ತಡೆಯುವ ಒತ್ತಡ, ಬಾರ್ ಲೆಕ್ಕದಲ್ಲಿ. ಕೆಳಗಿನ ರಬ್ಬರ್ ಗಟ್ಟಿಯಾಗಿ ಸೀಳು ಬಿಟ್ಟಿದ್ದರೆ ಒತ್ತಡ ನಿಲ್ಲದೆ ಕೂಲಂಟ್ ಡಬ್ಬಿಗೆ ಉಕ್ಕುತ್ತದೆ, ತಣಿದ ಮೇಲೆ ವಾಪಸ್ ಹೀರಿಕೊಳ್ಳುವುದೂ ಇಲ್ಲ. ಡಬ್ಬಿ ತುಂಬಿ, ರೇಡಿಯೇಟರ್ ಖಾಲಿಯಾಗುವುದು ಹೀಗೆ. ಬೆಳಿಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿ ಅಂಟಿಕೊಂಡಿದ್ದರೂ ದೋಷ ಮುಚ್ಚಳದ ಒಳವಾಲ್ವಿನದೇ. ಅದೇ ಒತ್ತಡದ ಹೊಸ ಮುಚ್ಚಳ ಹಾಕಿ. ಜಾಸ್ತಿ ಒತ್ತಡದ್ದು ಹಾಕಿದರೆ ಇನ್ನೂ ಒಳ್ಳೇದು ಎಂಬ ಬುದ್ಧಿವಂತಿಕೆ ಬೇಡ, ಹಳೇ ಹೋಸ್ ಒಡೆಯುತ್ತದೆ.

ಹೋಸ್‌ಗಳನ್ನು ತಣ್ಣಗಿರುವಾಗ ಹಿಚುಕಿ ನೋಡಿ. ಚರಚರ ಎಂದರೆ ಒಣಗಿದೆ. ತುದಿಯಲ್ಲಿ ಉಬ್ಬಿ ಮೆತ್ತಗಾಗಿದ್ದರೆ ಕೊಳೆತಿದೆ. ಎರಡಕ್ಕೂ ಬದಲಿಯೇ ಮದ್ದು. ಕರಾವಳಿಯಲ್ಲಿ ಹೋಸಿಗಿಂತ ಮೊದಲು ಕ್ಲಾಂಪ್ ಹೋಗುತ್ತದೆ. ತುಕ್ಕು ಹಿಡಿದ ಕ್ಲಾಂಪ್ ಹೊರಗಿನಿಂದ ಗಟ್ಟಿ ಕಂಡರೂ ಬಿಗಿ ಕಳೆದುಕೊಂಡಿರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ.

ಫ್ಯಾನ್ ಪರೀಕ್ಷೆ ಎರಡು ಬಗೆ. ಎಸಿ ಹಾಕಿದ ಕೂಡಲೇ ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗುತ್ತದೆ. ಅದು ತಿರುಗಿತೆಂದು ಬಾನೆಟ್ ಮುಚ್ಚಬೇಡಿ. ಎಸಿ ಆರಿಸಿ, ನಿಂತಲ್ಲೇ ಎಂಜಿನ್ ಕಾಯಲು ಬಿಡಿ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಬಿಸಿ ತೋರಿಸುವ ಸೂಚಿ ಮಧ್ಯ ದಾಟುವ ಮೊದಲು ಫ್ಯಾನ್ ತಾನಾಗಿ ಶುರುವಾಗಬೇಕು. ಮೊದಲನೆಯದು ಪಾಸಾಗಿ ಎರಡನೆಯದು ಫೇಲಾದರೆ ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಇಲಿ ವೈರು ಕಡಿಯುವುದು ಹೊಸತಲ್ಲ, ಮೊದಲು ಅದನ್ನೇ ನೋಡಿ.

ಥರ್ಮೋಸ್ಟಾಟ್ ತೆಗೆದುಬಿಡಿ, ಘಟ್ಟದಲ್ಲಿ ತಂಪಾಗಿ ಓಡುತ್ತದೆ ಎನ್ನುವ ಸಲಹೆ ಈಗಲೂ ಸಿಗುತ್ತದೆ. ಕೇಳಬೇಡಿ. 82ರಿಂದ 88 ಡಿಗ್ರಿಯಲ್ಲಿ ತೆರೆಯುವ ಆ ಬಾಗಿಲು ಇಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯೇರದೆ ಇಂಧನ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಬೈಪಾಸ್ ದಾರಿ ತೆರೆದೇ ಉಳಿದು, ಕೂಲಂಟ್ ರೇಡಿಯೇಟರ್ ಕಡೆ ಹೋಗದೆ ಒಳಗೊಳಗೇ ಸುತ್ತಿ, ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಹಂತ 2: ಎಸಿ, ಅದರಲ್ಲೂ ಕಂಡೆನ್ಸರ್

ಬಂಪರಿನ ಜಾಲರಿಯೊಳಗೆ ಇಣುಕಿದರೆ ಮೊದಲು ಕಾಣುವ ತೆಳು ಹಲ್ಲಿನ ಹಲಗೆಯೇ ಕಂಡೆನ್ಸರ್, ಎಸಿಯ ಬಿಸಿ ಹೊರಬಿಡುವ ಭಾಗ. ರೇಡಿಯೇಟರ್ ಅದರ ಹಿಂದೆ. ಕಡಲಿನಿಂದ ಬೀಸುವ ಗಾಳಿಯ ಉಪ್ಪು ನೇರವಾಗಿ ಕೂರುವುದು ಇದರ ಮೇಲೆ. ಮಳೆಗಾಲದಲ್ಲಿ ಉಪ್ಪು ತಾನಾಗಿ ತೊಳೆದುಹೋಗುತ್ತದೆ. ನವೆಂಬರಿನಿಂದ ಮೇ ತನಕ ತೊಳೆಯುವವರು ಯಾರೂ ಇಲ್ಲ. ರಾತ್ರಿಯ ಇಬ್ಬನಿಗೆ ಉಪ್ಪು ಕರಗಿ, ಹಗಲಿಗೆ ಒಣಗಿ, ಮತ್ತೆ ಕರಗಿ ಅಲ್ಯೂಮಿನಿಯಂ ಹಲ್ಲುಗಳನ್ನು ಬಿಳಿ ಪುಡಿ ಮಾಡುತ್ತದೆ. ಬೆರಳಿನಿಂದ ಮೆಲ್ಲಗೆ ಸವರಿ: ಹಲ್ಲು ಉದುರಿ ಬೂದಿಯಂತೆ ಕೈಗೆ ಹತ್ತಿದರೆ ಆ ಕಂಡೆನ್ಸರಿನ ದಿನ ಮುಗಿಯುತ್ತ ಬಂದಿದೆ. ಅಂಥದಕ್ಕೆ ಗ್ಯಾಸ್ ಮೇಲೆ ಗ್ಯಾಸ್ ತುಂಬಿಸುವುದು ದುಡ್ಡಿಗೆ ದಂಡ.

ಚೆನ್ನಾಗಿದ್ದರೆ ಉಳಿಸಿಕೊಳ್ಳುವುದು ಸುಲಭ. ಕಾರವಾರ, ಅಂಕೋಲಾ, ಭಟ್ಕಳದಲ್ಲಿ ಕಡಲಿನ ಸದ್ದು ಕೇಳುವಷ್ಟು ಹತ್ತಿರ ಕಾರು ನಿಲ್ಲುವುದಾದರೆ ಹದಿನೈದು ದಿನಕ್ಕೊಮ್ಮೆ, ಎಂಜಿನ್ ತಣಿದ ಮೇಲೆ, ಜಾಲರಿಯ ಮೂಲಕ ಪೈಪಿನ ಸಾದಾ ನೀರು ಐದು ನಿಮಿಷ ಹಾಯಿಸಿ. ಪ್ರೆಶರ್ ವಾಷರ್ ಬೇಡ, ಆ ಹಲ್ಲುಗಳು ಕಾಗದದಷ್ಟು ತೆಳು. ಒಮ್ಮೆ ಮಲಗಿದರೆ ಗಾಳಿ ನುಸುಳುವುದಿಲ್ಲ. ಸತ್ತ ಹುಳ, ಚಿರೇಕಲ್ಲಿನ ಕೆಂಪು ಧೂಳು ಅಂಟಿದ್ದರೆ ಮೆತ್ತನೆ ಬ್ರಷ್ ಮೇಲಿನಿಂದ ಕೆಳಕ್ಕೆ ಮಾತ್ರ ಆಡಿಸಿ, ಅಡ್ಡ ಉಜ್ಜಬೇಡಿ. ತೊಳೆಯುವ ನೀರೇ ಸವಳಾದರೆ ತೊಳೆದೂ ಪ್ರಯೋಜನವಿಲ್ಲ. ಒಣಗಿದ ಮೇಲೆ ಬಿಳಿ ಕಲೆ ಉಳಿಯುವ ನೀರನ್ನು ದೂರವಿಡಿ.

ಎಸಿ ಪರೀಕ್ಷೆಗೆ ಥರ್ಮಾಮೀಟರ್ ಕಡ್ಡಿಯನ್ನು ನಡುವಿನ ಕಿಂಡಿಗೆ ಸಿಕ್ಕಿಸಿ. ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತಿ, ಬ್ಲೋವರ್ ಎರಡಕ್ಕೆ ಇಟ್ಟು, ಎಂಜಿನ್ 1500 ಸುತ್ತಿನಲ್ಲಿ ಹತ್ತು ನಿಮಿಷ. ನಮ್ಮ ಸೆಕೆಗೆ 8ರಿಂದ 12 ಡಿಗ್ರಿ ಬಂದರೆ ತೃಪ್ತರಾಗಿ. ಒಣ ಊರಿನ ಗೆಳೆಯ ತನ್ನ ಕಾರಿನಲ್ಲಿ 5 ಬರುತ್ತದೆ ಎಂದರೆ ಹೊಟ್ಟೆಕಿಚ್ಚು ಬೇಡ, ಅವನ ಎಸಿಗೆ ಹಿಂಡಲು ನೀರೇ ಇಲ್ಲ. 15ರ ಮೇಲಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಅದೇ ಹತ್ತು ನಿಮಿಷದಲ್ಲಿ ಕಾರಿನಡಿ ನೀರು ತೊಟ್ಟಿಕ್ಕಿರಬೇಕು. ಸೆಕೆಯ ದಿನ ಅಷ್ಟು ಹೊತ್ತಿಗೆ ನೆಲ ಒದ್ದೆಯಾಗದಿದ್ದರೆ, ಮುಂದಿನ ಎಡ ಸೀಟಿನಡಿಯ ಕಾರ್ಪೆಟ್ ಮುಟ್ಟಿ ನೋಡಿ. ತೇವವಿದ್ದರೆ ಡ್ರೇನ್ ಪೈಪಿಗೆ ಕಸ ಕಟ್ಟಿದೆ. ಕೆಳಗಿನಿಂದ ಮೆತ್ತನೆ ಪ್ಲಾಸ್ಟಿಕ್ ನಳಿಕೆ ತೂರಿಸಿ ಬಿಡಿಸಬಹುದು. ತಂತಿ ತೂರಿಸಬೇಡಿ, ಒಳಗೆ ಗಾಳಿ ತಂಪು ಮಾಡುವ ಇವಾಪೊರೇಟರ್ ತೂತಾದರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾದೀತು. ಮುಗ್ಗಲು ವಾಸನೆಗೆ ಸುಗಂಧದ ಬಾಟಲಿ ತೂಗಿಸುವ ಬದಲು, ಮನೆ ಮುಟ್ಟುವ ಮೂರು ನಿಮಿಷ ಮೊದಲು ಎಸಿ ಆರಿಸಿ ಬರೀ ಬ್ಲೋವರ್ ಓಡಿಸಿ. ಒಳಗೆ ಒಣಗಿದರೆ ಬೂಸ್ಟು ಹಿಡಿಯುವುದಿಲ್ಲ. ಕ್ಯಾಬಿನ್ ಫಿಲ್ಟರ್ ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ, ಹತ್ತು ನಿಮಿಷದ ಕೆಲಸ. ಹೊಸದು ಹಾಕುವಾಗ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗಿರಲಿ.

ಗ್ಯಾಸಿನ ಬಗ್ಗೆ ಒಂದು ಮಾತು. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಕೀಲುಗಳಲ್ಲಿ ಎಣ್ಣೆಯ ಜಿಡ್ಡು, ಅದಕ್ಕೆ ಅಂಟಿದ ಧೂಳು ಹುಡುಕಿದರೆ ಜಾಗ ಸಿಗುತ್ತದೆ. ಸೋರಿಕೆ ಮುಚ್ಚಿ, ಅರ್ಧ ಗಂಟೆ ವ್ಯಾಕ್ಯೂಮ್ ಮಾಡಿ, ಬಾನೆಟ್ ಒಳಗಿನ ಚೀಟಿಯಲ್ಲಿ ಬರೆದಷ್ಟು ಗ್ರಾಂ ತೂಗಿ ತುಂಬಬೇಕು. ಸಣ್ಣ ಕಾರುಗಳಿಗೆ ಅದು ಅರ್ಧ ಕಿಲೋ ಆಸುಪಾಸು. ಕೈ ಅಂದಾಜಿನಲ್ಲಿ ಹೆಚ್ಚು ತುಂಬಿದರೆ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ, ಆ ಭಾರವನ್ನೂ ಎಂಜಿನ್ನೇ ಘಟ್ಟದ ಮೇಲೆ ಎಳೆಯಬೇಕು. ಶಿರಸಿ ಕಡೆಯವರು ಚಳಿಗಾಲವಿಡೀ ಎಸಿ ಮುಟ್ಟದೆ, ಏಪ್ರಿಲ್‌ನಲ್ಲಿ ಕಡಲಿಗೆ ಹೊರಟಾಗ ಗುಂಡಿ ಒತ್ತುತ್ತಾರೆ. ಅಷ್ಟರಲ್ಲಿ ಕಂಪ್ರೆಸರಿನ ಸೀಲ್ ಒಣಗಿರುತ್ತದೆ. ವಾರಕ್ಕೆ ಹತ್ತು ನಿಮಿಷ ಓಡಿಸಿದರೆ ಎಣ್ಣೆ ಸುತ್ತುತ್ತಿರುತ್ತದೆ.

ಹಂತ 3: ಬ್ಯಾಟರಿ

ಬ್ಯಾಟರಿ ಕೈ ಕೊಡುವುದು ಚಳಿಯಲ್ಲಿ ಎಂಬುದು ಹಿಮ ಬೀಳುವ ದೇಶದ ಅನುಭವ. ಇಲ್ಲಿ ಅದನ್ನು ತಿನ್ನುವುದು ಸೆಕೆ. ಶಾಖ ಹತ್ತು ಡಿಗ್ರಿ ಏರಿದರೆ ಒಳಗಿನ ಸವೆತ ಸುಮಾರು ಇಮ್ಮಡಿ ಎಂಬುದು ಒರಟು ಲೆಕ್ಕ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ಬರಬೇಕು. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ ಚಾರ್ಜ್. ಸೆಲ್ಫ್ ಹೊಡೆಯುವ ಕ್ಷಣದಲ್ಲಿ 9.6ಕ್ಕಿಂತ ಕೆಳಗಿಳಿದರೆ ಬೇಸಿಗೆ ದಾಟುವುದು ಅನುಮಾನ. ಎಂಜಿನ್ ಓಡುವಾಗ 13.8ರಿಂದ 14.5 ಸರಿ, ಅದಕ್ಕೂ ಮೇಲೆ ಹೋಗುತ್ತಿದ್ದರೆ ಬ್ಯಾಟರಿ ನೀರು ಕುದಿದು ಆರುತ್ತದೆ. ನೀರು ಹಾಕುವ ಮಾದರಿಯಾದರೆ ಪ್ಲೇಟುಗಳ ಮೇಲೆ ಸುಮಾರು 10 ಎಂಎಂ ನಿಲ್ಲುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಆಸಿಡ್ ಹಾಕಬೇಡಿ.

ಟರ್ಮಿನಲ್ ಮೇಲಿನ ಬಿಳಿ-ಹಸಿರು ಹೂವನ್ನು ಕರಾವಳಿಯ ಗಾಳಿ ಬೇಗ ಬೆಳೆಸುತ್ತದೆ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಒಂದು ಲೋಟ ಬೆಚ್ಚನೆ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಪೂರ್ತಿ ಒಣಗಿಸಿ. ಸೇರಿಸುವಾಗ ಪ್ಲಸ್ ಮೊದಲು. ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಗಿಯುವ ಮೊದಲೇ ಸವರಿದರೆ ಹಿಡಿತ ಕೆಡುತ್ತದೆ.

ಹಂತ 4: ಟೈರು

ಬೇಸಿಗೆಯಲ್ಲಿ ಗಾಳಿ ಎರಡು ಪಿಎಸ್‌ಐ ಕಡಿಮೆ ಇರಲಿ, ಬಿಸಿಗೆ ಉಬ್ಬುತ್ತದೆ ಎನ್ನುವವರ ಮಾತು ಉಲ್ಟಾ. ಟೈರ್ ಸಿಡಿಯುವುದು ಹೆಚ್ಚಾಗಿ ಕಡಿಮೆ ಗಾಳಿಯಿಂದ. ಗಾಳಿ ಕಡಿಮೆಯಾದಷ್ಟೂ ಪಕ್ಕದ ಗೋಡೆ ಮಡಚಿ ಬಿಚ್ಚಿ ಕಾಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಧ್ಯಾಹ್ನ ಎರಡು ಗಂಟೆ ಒಂದೇ ಸಮನೆ ಓಡಿದರೆ ಒಳಗಿನ ದಾರ ಬಿಡುತ್ತದೆ. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿರುವ ಅಂಕೆಯನ್ನೇ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ತುಂಬಿ. ಐದು ಜನ, ಡಿಕ್ಕಿ ತುಂಬ ಲಗೇಜು ಎಂದಾದರೆ ಪೂರ್ಣ ಭಾರದ ಅಂಕೆ. ಓಡಿದ ಮೇಲೆ ಮೂರು-ನಾಲ್ಕು ಪಿಎಸ್‌ಐ ಏರಿರುವುದು ಸಹಜ, ಆ ಗಾಳಿಯನ್ನು ಹೊರಗೆ ಬಿಡಬೇಡಿ. ಗೋಡೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಎಳೆಯ (ಟ್ರೆಡ್) ಆಳ 1.6 ಎಂಎಂಗಿಂತ ಕಡಿಮೆಯಿದ್ದರೆ ಕಾನೂನಿಗೇ ವಿರುದ್ಧ. ಎಳೆ ಇದ್ದೂ ಗೋಡೆ ಬಿರುಕು ಬಿಟ್ಟಿದ್ದರೆ ಅದೂ ಬೇಡ. ಸ್ಟೆಪ್ನಿ ಮರೆಯಬೇಡಿ.

ಹಂತ 5: ಬ್ರೇಕ್ ಫ್ಲೂಯಿಡ್

ಹತ್ತುವಾಗ ಎಂಜಿನ್ ಕಾಯುತ್ತದೆ, ಇಳಿಯುವಾಗ ಬ್ರೇಕ್. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುವ ದ್ರವ, ಮತ್ತು ತೇವಕ್ಕೆ ಇಲ್ಲಿ ಬರವಿಲ್ಲ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಅದೇ 155ರ ಹತ್ತಿರ ಕುದಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಶಿರಸಿಯಿಂದ ಕುಮಟಾಕ್ಕೆ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದವರ ಪೆಡಲ್ ಒಮ್ಮೆಗೇ ಸ್ಪಂಜಿನಂತೆ ಒಳಗೆ ಹೋಗುವುದು ಕುದಿದ ದ್ರವದ ಆವಿಯಿಂದ. ಎರಡು ವರ್ಷ ದಾಟಿದ್ದರೆ, ನೋಡಲು ತಿಳಿಯಾಗಿದ್ದರೂ ಬದಲಿಸಿ. ಇದನ್ನು ತಿಳಿದವರ ಕೈಯಲ್ಲೇ ಮಾಡಿಸಿ, ಒಳಗೆ ಉಳಿದ ಒಂದು ಗುಳ್ಳೆ ಸಾಕು ಕೆಡಿಸಲು.

ಇಳಿಯುವಾಗ ಹತ್ತಿದ ಗೇರೇ ಇರಲಿ. ಆಟೋಮ್ಯಾಟಿಕ್ ಕಾರಿನವರು ಲೋ ಅಥವಾ ಮ್ಯಾನ್ಯುವಲ್ ಮೋಡ್ ಹಾಕಿ. ಬ್ರೇಕ್ ಒತ್ತಿ, ಬಿಟ್ಟು, ಮತ್ತೆ ಒತ್ತಿ. ಪೆಡಲ್ ಮೇಲೆ ಸದಾ ಕಾಲಿಟ್ಟು ತೇಲಿಸಬೇಡಿ. ಸುಟ್ಟ ವಾಸನೆ ಬಂದರೆ ಅಗಲದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆಯುವುದೂ ನೀರು ಎರಚುವುದೂ ಬೇಡ, ಡಿಸ್ಕ್ ಸೊಟ್ಟಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ತಣಿಯುತ್ತದೆ. ಎಲೆಕ್ಟ್ರಿಕ್ ಕಾರಿನವರಿಗೆ ಬೇರೆಯದೇ ಸೂಕ್ಷ್ಮ: ಘಟ್ಟದ ಮೇಲೆ ನೂರಕ್ಕೆ ನೂರು ಚಾರ್ಜ್ ಮಾಡಿ ಇಳಿಯಲು ಹೊರಟರೆ, ಇಳಿಜಾರಿನ ಶಕ್ತಿ ತುಂಬಿಕೊಳ್ಳಲು ಬ್ಯಾಟರಿಯಲ್ಲಿ ಜಾಗವಿರದೆ ರೀಜೆನ್ (ಮೋಟರೇ ಕಾರನ್ನು ನಿಧಾನಿಸಿ ಬ್ಯಾಟರಿ ತುಂಬುವುದು) ಕುಗ್ಗುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ. 85–90ಕ್ಕೆ ಪ್ಲಗ್ ತೆಗೆದು ಹೊರಡಿ.

ಎಂಜಿನ್ ಆಯಿಲ್‌ಗೆ ಬೇಸಿಗೆಯೆಂದು ದಪ್ಪದ್ದು ಹಾಕಬೇಕಿಲ್ಲ. ಕೈಪಿಡಿಯಲ್ಲಿ ಬರೆದ ದರ್ಜೆಯದೇ ಸಾಕು, ಮಟ್ಟ ಮೇಲ್ಗೆರೆಯ ಹತ್ತಿರವಿರಲಿ. ಬೆಲ್ಟಿನ ಒಳಮೈಯಲ್ಲಿ ಅಡ್ಡ ಬಿರುಕುಗಳಿದ್ದರೆ ಬದಲಿಸಿ.

ನಿಲ್ಲಿಸುವುದು ಎಲ್ಲಿ

ಹೊರಗೆ 35 ಇದ್ದಾಗ ಬಿಸಿಲಲ್ಲಿ ಮುಚ್ಚಿ ನಿಂತ ಕಾರಿನೊಳಗೆ ಇಪ್ಪತ್ತು ನಿಮಿಷದಲ್ಲೇ 50ರ ಮೇಲೆ ಹೋಗುತ್ತದೆ, ಡ್ಯಾಶ್‌ಬೋರ್ಡ್ ಇನ್ನೂ ಬಿಸಿ. ಮಗುವನ್ನಾಗಲಿ ನಾಯಿಯನ್ನಾಗಲಿ ಐದು ನಿಮಿಷಕ್ಕೂ ಒಳಗೆ ಬಿಡಬೇಡಿ, ಕಿಟಕಿ ಬೆರಳಷ್ಟು ಇಳಿಸಿದರೂ ವ್ಯತ್ಯಾಸವಾಗದು. ಸ್ಪ್ರೇ ಡಬ್ಬಿ, ಲೈಟರ್, ಪವರ್ ಬ್ಯಾಂಕ್ ಇಳಿಸಿಕೊಂಡೇ ಹೋಗಿ. ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ತಡೆ ಇಡುವುದು ಅಗ್ಗದ ಉಪಾಯ. ಕಪ್ಪು ಫಿಲ್ಮಿನ ಆಸೆ ಬಿಡಿ. ಗಾಜು ಮುಂದೆ-ಹಿಂದೆ ಕನಿಷ್ಠ ಶೇಕಡಾ 70, ಪಕ್ಕದಲ್ಲಿ 50 ಬೆಳಕು ಬಿಡಬೇಕೆಂಬ ನಿಯಮವಿದೆ, 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನೇ ತಡೆದಿದೆ.

ಮನೆಯಲ್ಲಿ ಶೆಡ್ ಇಲ್ಲದಿದ್ದರೆ ಘಟ್ಟದ ಮೇಲೆ ಅಡಿಕೆ ಸೋಗೆ, ಕೆಳಗೆ ತೆಂಗಿನ ಮಡಲಿನ ಚಪ್ಪರವೇ ತಗಡಿಗಿಂತ ತಂಪು. ತಗಡು ಕಾದು ಕೆಳಕ್ಕೆ ಶಾಖ ಕಾರುತ್ತದೆ. ಸೋಗೆ ಕಾಯುವುದಿಲ್ಲ, ಗಾಳಿಯನ್ನೂ ಬಿಡುತ್ತದೆ. ಕಾರಿನ ನೆತ್ತಿಯಿಂದ ಮೂರಡಿ ಎತ್ತರವಿರಲಿ, ನಾಲ್ಕೂ ಬದಿ ತೆರೆದಿರಲಿ.

ಮರದ ನೆರಳಿಗೂ ಜಾತಿ ನೋಡಬೇಕು. ತೆಂಗಿನ ಬುಡ ಸುತರಾಂ ಬೇಡ. ಮಾವು ನೆರಳೇನೋ ದಟ್ಟ. ಆದರೆ ಕಾಯಿ ಕಟ್ಟುವ ಕಾಲದಲ್ಲಿ ತೊಟ್ಟಿನ ಸೊನೆ ಬಿದ್ದಲ್ಲಿ ಬಣ್ಣ ಸುಟ್ಟ ಹಾಗಾಗುತ್ತದೆ. ಅಂಕೋಲೆಯ ಕರಿ ಇಶಾಡಿ ಮಾವಿಗೆ ಕಾದು ಕೂತವರಿಗೆ ಇದು ಗೊತ್ತಿರುತ್ತದೆ. ಗೇರುಹಣ್ಣಿನ ಕಲೆಯೂ ಹಟಮಾರಿ. ಕಾಗೆ, ಬಾವಲಿಗಳ ಹಿಕ್ಕೆ ಬಿದ್ದರೆ ಕೆರೆಯಬೇಡಿ, ಒದ್ದೆ ಬಟ್ಟೆ ಹತ್ತು ನಿಮಿಷ ಮುಚ್ಚಿಟ್ಟು ನೆನೆದ ಮೇಲೆ ಎತ್ತಿ. ಕಡಲಂಚಿನಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಕವರ್ ಹಾಕುವುದು ಬಿಸಿಲಿಗಿಂತ ಕೆಡುಕು. ಒಳಗೆ ಬೆವರು ಕಟ್ಟಿ, ಕವರಿನಡಿಯ ಉಪ್ಪು ಹರಳು ಗಾಳಿಗೆ ಉಜ್ಜಿ ಗೀರಾಗುತ್ತದೆ.

ಬಿಸಿಯಾದ ಕಾರಿಗೆ ಹತ್ತುವ ಮೊದಲು ಒಂದು ಬದಿಯ ಕಿಟಕಿ ಇಳಿಸಿ, ಎದುರಿನ ಬಾಗಿಲನ್ನು ನಾಲ್ಕೈದು ಸಲ ಬೀಸಣಿಗೆಯಂತೆ ಆಡಿಸಿ. ಎಲ್ಲ ಕಿಟಕಿ ಇಳಿಸಿ ಎಸಿ ಹಾಕಿ ಒಂದೆರಡು ನಿಮಿಷ ಓಡಿಸಿ, ಆಮೇಲೆ ಮುಚ್ಚಿ, ಒಳಗಾಳಿ ಗುಂಡಿ ಒತ್ತಿ.

ಘಟ್ಟದಲ್ಲಿ ಸೂಚಿ ಏರಿದರೆ

ಡಿಕ್ಕಿಯಲ್ಲಿ ಎರಡು ಲೀಟರ್ ರೆಡಿಮಿಕ್ಸ್ ಕೂಲಂಟ್, ಐದು ಲೀಟರ್ ಕುಡಿಯುವ ನೀರು, ದಪ್ಪ ಬಟ್ಟೆ, ಟಾರ್ಚ್, ಹೊಳೆಯುವ ತ್ರಿಕೋನ, ಒಂದಷ್ಟು ಫ್ಯೂಸ್ ಇರಲಿ. ಅಣಶಿ, ವಡ್ಡಿ ಕಡೆ ಮೊಬೈಲ್ ಸಿಗ್ನಲ್ ನಂಬಿ ಹೊರಡಬೇಡಿ.

ಲಾರಿಯ ಹಿಂದೆ ಅಂಟಿಕೊಳ್ಳದೆ ನಾಲ್ಕು ಕಾರಿನಷ್ಟು ಬಿಟ್ಟು ಹತ್ತಿ, ಅದರ ಬಿಸಿಗಾಳಿ ನಿಮ್ಮ ರೇಡಿಯೇಟರಿಗೆ ಬೇಡ. ಮೂರನೇ ಗೇರಿನಲ್ಲಿ ಗೊರಗುಟ್ಟಿಸುವುದಕ್ಕಿಂತ ಎರಡನೆಯದರಲ್ಲಿ ಹಗುರವಾಗಿ ತಿರುಗಲಿ. ವಾಟರ್ ಪಂಪ್ ಎಂಜಿನ್ ಜೊತೆಗೇ ತಿರುಗುವುದರಿಂದ ಕೂಲಂಟ್ ಹೆಚ್ಚು ಸುತ್ತುತ್ತದೆ.

ಸೂಚಿ ಮಧ್ಯ ಬಿಟ್ಟು ಮೇಲೇರಿತೋ, ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ. ಸೆಕೆಯಲ್ಲಿ ಹೀಟರ್ ಎಂದರೆ ಒಳಗಿದ್ದವರು ಬೈದಾರು, ಬೈಯಲಿ. ಅದೊಂದು ಪುಟ್ಟ ಎರಡನೇ ರೇಡಿಯೇಟರ್. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಎಚ್ಚರ: ಕೂಲಂಟ್ ಅಲ್ಲಿಯವರೆಗೆ ತಲುಪುತ್ತಿಲ್ಲ, ಅಂದರೆ ಸೋರಿದೆ. ತಕ್ಷಣ ನಿಲ್ಲಿಸಿ ಎಂಜಿನ್ ಆರಿಸಿ. ಕೆಂಪು ದೀಪ ಬಂದರೂ, ಬಾನೆಟ್ ಸಂದಿನಿಂದ ಹಬೆ ಬಂದರೂ ಹಾಗೆಯೇ. ಹಬೆಯಿಲ್ಲ, ಸೂಚಿ ಮಾತ್ರ ಮೇಲಿದೆ, ಫ್ಯಾನ್ ತಿರುಗುತ್ತಿದೆ ಎಂದಾದರೆ ನಿಲ್ಲಿಸಿ ಎಂಜಿನ್ ಎರಡು-ಮೂರು ನಿಮಿಷ ಹಾಗೇ ಓಡಲಿ, ಸೂಚಿ ಇಳಿಯುತ್ತದೆ. ಇಳಿಯದಿದ್ದರೆ ಆರಿಸಿ.

ಆಮೇಲೆ ಕಾಯುವುದು, ಕನಿಷ್ಠ ಮುಕ್ಕಾಲು ಗಂಟೆ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಒತ್ತಡದಲ್ಲಿದ್ದ ಕೂಲಂಟ್ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಸಹಾಯಕ್ಕೆ ನಿಂತ ಲಾರಿಯವರು ಧೈರ್ಯ ಹೇಳಿದರೂ ಮುಟ್ಟಬೇಡಿ. ಮೇಲಿನ ಹೋಸನ್ನು ಬಟ್ಟೆ ಸುತ್ತಿ ಹಿಚುಕಿ: ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ. ಮೆತ್ತಗಾದ ಮೇಲೆ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ಉಳಿದ ಗಾಳಿ ಬಿಟ್ಟು, ಆಮೇಲೆ ತೆಗೆಯಿರಿ. ಕೂಲಂಟನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ, ಕಾದ ಹೆಡ್ಡಿಗೆ ತಣ್ಣನೆಯದು ಒಮ್ಮೆಗೇ ಬಿದ್ದರೆ ಬಿರುಕು ಬಿಟ್ಟೀತು. ಕೂಲಂಟ್ ಸಾಲದಿದ್ದರೆ ಕುಡಿಯುವ ನೀರು ಹಾಕಿ. ಮನೆ ಸೇರಿದ ವಾರದೊಳಗೆ ಅದನ್ನು ಇಳಿಸಿ, ಮೊದಲ ಹಂತದ ಲೆಕ್ಕದಂತೆ ಹೊಸದು ತುಂಬಿ. ತುಂಬಿದಷ್ಟೂ ಕೆಳಗಿನಿಂದ ಸೋರುತ್ತಿದ್ದರೆ ಮತ್ತೆ ಎಂಜಿನ್ ಶುರು ಮಾಡಬೇಡಿ. ಎಳೆದೊಯ್ಯುವ ಗಾಡಿಯ ಬಾಡಿಗೆ ಎಷ್ಟಾದರೂ, ಸೊಟ್ಟಾದ ಹೆಡ್ ರಿಪೇರಿಗಿಂತ ಕಡಿಮೆಯೇ.